ಎಲೆ ಲೆಕ್ಕವೋ, ತಲೆ ಲೆಕ್ಕವೋ: ಮನೆ ರೌಟರ್‌ನಲ್ಲಿ ಮೂರು ಬಗೆಯ ಕ್ಯೂ

ನಮ್ಮ ಮನೆಯ ಅಪ್‌ಲೋಡ್ ವೇಗ 20 ಎಂಬಿಪಿಎಸ್. ತಮ್ಮ ಲಿನಕ್ಸ್ ಟೊರೆಂಟ್ ಸೀಡ್ ಮಾಡೋಕೆ (ಅಂದರೆ ತನ್ನ ಬಳಿಯ ಫೈಲನ್ನು ಬೇರೆಯವರಿಗೆ ಕಳಿಸೋಕೆ) ಕೂತರೆ, ಆಫೀಸಿನ ವಿಡಿಯೊ ಕಾಲ್‌ನಲ್ಲಿ ನನ್ನ ಮುಖ ಚೌಕ ಚೌಕವಾಗುತ್ತಿತ್ತು. ಬೈದು ಸಾಕಾಗಿ, ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ ಮೂರು ಕ್ಯೂ, ಅಂದರೆ ಹೊರಗೆ ಹೋಗುವ ಪ್ಯಾಕೆಟ್‌ಗಳನ್ನು (ಡೇಟಾ ತುಣುಕುಗಳನ್ನು) ಸಾಲಿನಲ್ಲಿ ನಿಲ್ಲಿಸುವ ಮೂರು ವಿಧಾನ, ಪರೀಕ್ಷಿಸಿದೆ.

ಮೊದಲನೆಯದು ಫಿಫೊ. ಮೊದಲು ಬಂದವರಿಗೆ ಮೊದಲು. ಕೇಳೋಕೆ ನ್ಯಾಯವೇ, ಅಲ್ವಾ? ಆದರೆ ಜಾಸ್ತಿ ಪ್ಯಾಕೆಟ್ ತುರುಕಿದವನಿಗೇ ಜಾಸ್ತಿ ಜಾಗ. ಕಾಲ್ ಮಾಡೋಕೇ ಆಗಲಿಲ್ಲ.

ಆಮೇಲೆ ಎಫ್‌ಕ್ಯೂ-ಕೋಡೆಲ್. ಇದು ಒಂದೊಂದು ಸಂಪರ್ಕವನ್ನೂ ಬೇರೆ ಸಾಲಿಗೆ ಹಾಕುತ್ತದೆ, ಮಾಮೂಲಿಗೆ 1024 ಸಾಲು. ಸರದಿಯಂತೆ ಬೈಟ್ ಲೆಕ್ಕದಲ್ಲಿ ಬಡಿಸುತ್ತದೆ. ರೌಟರ್‌ನಿಂದ ಹೊರಹೋಗುವ ವೇಗವನ್ನು ಲೈನ್‌ಗಿಂತ ಸ್ವಲ್ಪ ಕಡಿಮೆ, 18 ಎಂಬಿಪಿಎಸ್‌ಗೆ ಕಟ್ಟಿದೆ. ಇಲ್ಲದಿದ್ದರೆ ಸಾಲು ಮೋಡೆಮ್‌ನಲ್ಲಿ ಬೆಳೆದು ರೌಟರ್ ಕೈಗೇ ಸಿಗೋದಿಲ್ಲ. ಧ್ವನಿ ತಕ್ಷಣ ಸರಿಯಾಯಿತು. ಚಿತ್ರ ಮಾತ್ರ ಮಸುಕು. ಯಾಕೆಂದರೆ ತಮ್ಮನ ಟೊರೆಂಟ್‌ಗೆ 30 ಸಂಪರ್ಕ, ನನ್ನದು ಒಂದೇ. 18ರಲ್ಲಿ 31 ಪಾಲು ಮಾಡಿದರೆ ನನಗೆ ಅರ್ಧ ಎಂಬಿಪಿಎಸ್ ಚಿಲ್ಲರೆ! ಪಂಕ್ತಿಯಲ್ಲಿ ಒಬ್ಬನೇ ಮೂವತ್ತು ಎಲೆ ಹಾಕಿಸಿಕೊಂಡು ಕೂತ ಹಾಗೆ. ಬಡಿಸುವವನು ಎಲೆ ನೋಡುತ್ತಾನೆ, ತಲೆ ನೋಡುವುದಿಲ್ಲ.

ತಮಾಷೆ ಏನೆಂದರೆ, 1985ರಲ್ಲಿ ನೆಟ್‌ವರ್ಕ್ ತಜ್ಞ ಜಾನ್ ನೇಗಲ್ ಈ ಬೇರೆ ಬೇರೆ ಸಾಲಿನ ವಿಚಾರ ಎತ್ತಿದಾಗ ಹೇಳಿದ್ದು ಕಂಪ್ಯೂಟರ್‌ಗೊಂದು ಸಾಲು ಅಂತ. ಅದು ಪ್ಯಾಕೆಟ್ ಎಣಿಸುತ್ತಿತ್ತು, ದೊಡ್ಡ ಪ್ಯಾಕೆಟ್‌ನವನಿಗೆ ಲಾಭ. ಗಾತ್ರದ ಲೆಕ್ಕವನ್ನು 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಸರಿಮಾಡಿದರು.

ಮೂರನೆಯದು ಕೇಕ್, 2018ರಲ್ಲಿ ಲಿನಕ್ಸ್ 4.19ರೊಳಗೆ ಬಂತು. ಮೊದಲು ಯಂತ್ರಗಳಿಗೆ ಪಾಲು, ಆಮೇಲೆ ಒಳಗಿನ ಸಂಪರ್ಕಗಳಿಗೆ. ಮೊದಲ ಸಂಜೆ ಏನೂ ಬದಲಾಗಲಿಲ್ಲ, ಸುಮ್ನೆ ತಲೆ ಕೆಡಿಸಿಕೊಂಡೆ. ತಪ್ಪು ನನ್ನದೇ. ಮನೆಯ ಯಂತ್ರಗಳ ವಿಳಾಸವನ್ನು ರೌಟರ್ ತನ್ನ ಹೊರ ವಿಳಾಸಕ್ಕೆ ಬದಲಿಸುವ ಕೆಲಸಕ್ಕೆ ನ್ಯಾಟ್ ಅಂತಾರೆ, ಅದನ್ನು ದಾಟಿದ ಮೇಲೆ ಮನೆಯವರೆಲ್ಲ ಒಂದೇ ವಿಳಾಸವಾಗಿ ಕಾಣುತ್ತಾರೆ. ‘ನ್ಯಾಟ್’, ‘ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’ ಎಂಬ ಎರಡು ಪದ ಕೇಕ್‌ನ ಸೆಟ್ಟಿಂಗ್‌ಗೆ ಸೇರಿಸಿದೆ: ಒಳಗಿನ ವಿಳಾಸ ನೋಡು, ಕಳಿಸುವ ಯಂತ್ರದ ಲೆಕ್ಕದಲ್ಲಿ ಪಾಲು ಮಾಡು ಅಂತ. ಅವನಿಗೆ 9, ನನಗೆ 9. ನನಗೆ ಬೇಡದ ಪಾಲು ತಾನಾಗಿ ಅವನಿಗೇ ಹೋಗುತ್ತದೆ, ಹಾಗಾಗಿ ಅವನೂ ಗೊಣಗಲಿಲ್ಲ. ರೌಟರ್‌ನ ಸಿಪಿಯುಗೆ ಕೆಲಸ ಜಾಸ್ತಿ ಅನ್ನೋದೊಂದೇ ಕೊರತೆ. ಲೈನ್ ತುಂಬಾ ವೇಗದ್ದಾಗಿದ್ದು ರೌಟರ್ ಹಳೆಯದಾದರೆ ಏದುಸಿರು ಬಿಡುತ್ತದೆ.

ಕೇಕನ್ನೇ ಉಳಿಸಿಕೊಂಡಿದ್ದೇನೆ. ಮೊನ್ನೆ ತಮ್ಮ ಫೋನಿನಲ್ಲೂ ಟೊರೆಂಟ್ ಹಾಕಿಕೊಂಡ. ಅವನಿಗೆ ಈಗ ಎರಡು ಯಂತ್ರ, 12. ನನಗೆ 6.