ಅಜ್ಜನ ಮಡಚುವ ಕ್ಯಾಮೆರಾಕ್ಕೆ ರೋಲ್ ಹಾಕುವ ಮುಂಚೆ ಇದನ್ನು ಓದಿ: ನಂದಿಯಲ್ಲಿ ಎರಡು ರೋಲ್ ಹಾಳಾದ ಬಗೆ

ಚಿಕ್ಕಬಳ್ಳಾಪುರದ ಮನೆಯೊಂದರ ಅಟ್ಟದಿಂದ ಇಳಿದ ಆಗ್ಫಾ ಐಸೊಲೆಟ್ ಕ್ಯಾಮೆರಾ. ಅದರಲ್ಲಿ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿ ಎರಡು ಸಲ ಫೋಟೊ ತೆಗೆದರು. ಒಂದು ಕಲರ್ ರೋಲ್, ಒಂದು ಕಪ್ಪುಬಿಳುಪು ರೋಲ್, ಒಟ್ಟು 24 ಫ್ರೇಮ್. ನೋಡುವಂಥ ಚಿತ್ರ ಒಂದೂ ಬರಲಿಲ್ಲ. ‘ಹಳೇ ಕ್ಯಾಮೆರಾ ಅಲ್ವಾ, ಹಾಗೇ’ ಎಂದರು ಕೆಲವರು. ಆ ಮಾತು ಸರಿಯಲ್ಲ. ಎರಡೂ ರೋಲ್ ಬೇರೆ ಬೇರೆ ಕಾರಣಕ್ಕೆ ಹಾಳಾದವು, ಎರಡೂ ಕಾರಣ ನೆಗೆಟಿವ್ ಮೇಲೆಯೇ ಕಾಣುತ್ತಿತ್ತು. ಮನೆಯಲ್ಲಿ ಇಂಥದ್ದೊಂದು ಕ್ಯಾಮೆರಾ ಇದ್ದು, ಮುಂದಿನ ಹಬ್ಬಕ್ಕೋ ಮದುವೆಗೋ ಅದರಲ್ಲಿ ಫೋಟೊ ತೆಗೆಯೋಣ ಎಂದಿರುವವರು ದಯವಿಟ್ಟು ಪೂರ್ತಿ ಓದಿ.

ಮೊದಲನೆಯದು ಕೊಡಾಕ್ ಗೋಲ್ಡ್ 200. ಚಿತ್ರ ಇತ್ತು, ಆದರೆ ಪ್ರತಿ ಫ್ರೇಮಿನಲ್ಲೂ ಹೊಗೆ ಕವಿದ ಹಾಗೆ ಬಿಳಿ ಮಚ್ಚೆಗಳು, ಮೂರು ನಾಲ್ಕು ಕಡೆ, ಮುಖಗಳ ಮೇಲೆಯೇ. ಗಮನಿಸಬೇಕಾದದ್ದು ಇಲ್ಲಿದೆ: ಮಚ್ಚೆಗಳೆಲ್ಲ ಚೌಕದ ಒಳಗೇ ಇದ್ದವು. ಎರಡು ಫ್ರೇಮ್ ನಡುವಿನ ಖಾಲಿ ಪಟ್ಟಿ, ಫಿಲಂನ ಎರಡು ಅಂಚು, ಎಲ್ಲ ಶುದ್ಧ. ಹಾಗಿದ್ದರೆ ಬೆಳಕು ನುಗ್ಗಿದ್ದು ಬೆಲೋಸ್‌ನಿಂದ, ಅಂದರೆ ಲೆನ್ಸಿಗೂ ಡಬ್ಬಿಗೂ ನಡುವೆ ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುವ ಭಾಗದಿಂದ. ಬೆಳಕು ಅಂಚಿನಿಂದ ಒಳಕ್ಕೆ ಹರಡಿದ್ದರೆ ರೋಲ್ ಸಡಿಲವಾಗಿ ಸುತ್ತಿದೆ ಅಥವಾ ಹಿಂಬಾಗಿಲು ಸರಿಯಾಗಿ ಕೂತಿಲ್ಲ ಎಂದರ್ಥ. ದುಂಡನೆಯ ಕಲೆಯೋ, ಫಿಲಂ ಬೆನ್ನಿಗೆ ಸುತ್ತಿರುವ ಹಿಂಕಾಗದದ ಅಂಕಿಯ ನೆರಳೋ ಮೂಡಿದ್ದರೆ ಅದು ಆ ಅಂಕಿ ನೋಡಲೆಂದು ಹಿಂಬಾಗಿಲಲ್ಲಿರುವ ಕೆಂಪು ಕಿಟಕಿಯ ಕೆಲಸ.

ಎರಡನೇ ಮಹಾಯುದ್ಧದ ನಂತರದ ಆಗ್ಫಾ ಮಡಚು ಕ್ಯಾಮೆರಾಗಳ ತಿದಿ ಚರ್ಮದ್ದಲ್ಲ, ಕೃತಕ ವಸ್ತುವಿನದು. ಮಡಿಕೆಯ ಮೂಲೆಗಳಲ್ಲಿ ಅದು ಒಣಗಿ ಬಿರುಕು ಬಿಟ್ಟು ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ಅದೇ ಕಾಲದ ಜೈಸ್ ಇಕಾನ್ ನೆಟ್ಟಾರ್, ಇಕಾಂಟಾಗಳ ತಿದಿ ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿರುತ್ತದೆ. ಆಗ್ಫಾ ಕೈಗೆ ಬಂದಿದ್ದರೆ ಮಾತ್ರ ತೂತು ಇದ್ದೇ ಇದೆ ಎಂದುಕೊಂಡೇ ಹೊರಡಿ.

ಸೂಜಿತೂತು ಇಷ್ಟು ಹಾನಿ ಮಾಡುತ್ತದೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ. ಮಧ್ಯಾಹ್ನದ ಬಿಸಿಲಿನಲ್ಲಿ ಶಟರ್ ತೆರೆದಿದ್ದು ಸೆಕೆಂಡಿನ ನೂರನೇ ಒಂದು ಪಾಲು. ಮಕ್ಕಳನ್ನು ಮುಂದೆ ಕೂರಿಸಿ, ಸೆರಗು ಸರಿಮಾಡಿಸಿ, ಬಿಟ್ಟುಹೋದವರನ್ನು ಕರೆದು ನಿಲ್ಲಿಸುವಷ್ಟರಲ್ಲಿ ಕ್ಯಾಮೆರಾ ಬಿಚ್ಚಿಕೊಂಡೇ ಐದು ನಿಮಿಷ ಬಿಸಿಲಿನಲ್ಲಿತ್ತು. ಐದು ನಿಮಿಷ ಎಂದರೆ 300 ಸೆಕೆಂಡ್, ಶಟರ್ ತೆರೆದ ಹೊತ್ತಿನ 30,000 ಪಟ್ಟು. ಅಷ್ಟು ಹೊತ್ತೂ ಆ ತೂತುಗಳು ಫಿಲಂಗೆ ಬೆಳಕು ಸುರಿಯುತ್ತಲೇ ಇದ್ದವು.

ಇದನ್ನು ಕಂಡುಹಿಡಿಯಲು ಫಿಲಂ ಸುಡಬೇಕಾಗಿಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಕಿಟಕಿಗೆ ಕಂಬಳಿ ಹಾಕಿ, ಕಣ್ಣು ಕತ್ತಲಿಗೆ ಒಗ್ಗಲು ಐದು ನಿಮಿಷ ಬಿಡಿ. ಕ್ಯಾಮೆರಾದ ಹಿಂಬಾಗಿಲು ತೆಗೆದು, ಚಿಕ್ಕ ಎಲ್‌ಇಡಿ ಟಾರ್ಚನ್ನು ತಿದಿಯೊಳಗೆ ಹಿಡಿದು, ಹಿಂಭಾಗದ ಸಂದುಗಳನ್ನು ಕಪ್ಪು ಬಟ್ಟೆಯಿಂದ ಮುಚ್ಚಿ. ಈಗ ಹೊರಗಿನಿಂದ ಮಡಿಕೆಯ ಮೂಲೆಮೂಲೆಯನ್ನೂ ನಿಧಾನವಾಗಿ ತಿರುಗಿಸಿ ನೋಡಿ. ಟಾರ್ಚ್ ಅಲುಗಿಸುತ್ತಿರಿ, ತಿದಿಯನ್ನು ಬೆರಳಿನಿಂದ ಸ್ವಲ್ಪ ಎಳೆದೂ ನೋಡಿ. ಕೆಲವು ತೂತು ಒಂದು ಕೋನದಿಂದ ಮಾತ್ರ ಕಾಣುತ್ತವೆ. ಈ ಐಸೊಲೆಟ್‌ನಲ್ಲಿ ಕೆಳಮೂಲೆಗಳ ಉದ್ದಕ್ಕೂ ಒಂಬತ್ತು ಚುಕ್ಕಿ ಹೊಳೆದವು, ಅಮಾವಾಸ್ಯೆ ರಾತ್ರಿಯ ನಕ್ಷತ್ರದ ಹಾಗೆ. ಹಗಲಲ್ಲಿ ಅದೇ ತಿದಿಯನ್ನು ಕಿಟಕಿಗೆ ಹಿಡಿದು ನೋಡಿದಾಗ ಒಂದೂ ಕಂಡಿರಲಿಲ್ಲ.

ಒಂದೆರಡು ತೂತಾದರೆ ಕಪ್ಪು ಫ್ಯಾಬ್ರಿಕ್ ಬಣ್ಣವನ್ನು ತೆಳ್ಳಗೆ ಎರಡು ಸಲ ಹಚ್ಚಿ, ತಿದಿ ಬಿಚ್ಚಿಟ್ಟೇ ಪೂರ್ತಿ ಒಂದು ದಿನ ಒಣಗಿಸಿ. ಹಸಿ ಇರುವಾಗ ಮಡಚಿದರೆ ಮಡಿಕೆಗಳು ಅಂಟಿಕೊಂಡು ಬಿಚ್ಚುವಾಗ ಹರಿಯುತ್ತವೆ. ವೈರಿಂಗಿಗೆ ಸುತ್ತುವ ಇನ್ಸುಲೇಷನ್ ಟೇಪ್ ಬೇಡ. ಏಪ್ರಿಲ್ ಬಿಸಿಲಿಗೆ ಅದರ ಗೋಂದು ಇಳಿಯುತ್ತದೆ, ದಪ್ಪಕ್ಕೆ ಕ್ಯಾಮೆರಾ ಮುಚ್ಚುವುದೂ ಇಲ್ಲ. ಒಂಬತ್ತು ತೂತಿದ್ದರೆ ಬಣ್ಣ ಹಚ್ಚುತ್ತ ಕೂರಬೇಡಿ, ತಿದಿಯನ್ನೇ ಬದಲಿಸಿ. ಇವತ್ತು ಒಂಬತ್ತು ಮುಚ್ಚಿದರೆ ಮುಂದಿನ ತಿಂಗಳು ಮತ್ತೆ ಆರು ಹುಟ್ಟುತ್ತವೆ.

ಇಲ್ಲಿ ಹಾಗೇ ಮಾಡಿದರು, ತಿದಿ ಹೊಸದಾಯಿತು. ಎರಡನೇ ರೋಲ್ ಇಲ್ಫೋರ್ಡ್ ಎಚ್‌ಪಿ5 ಪ್ಲಸ್, ಕಪ್ಪುಬಿಳುಪು. ಅದನ್ನು ತೊಳೆಯಲು ಕೊಟ್ಟ ಕಡೆಯಿಂದ ವಾಪಸ್ ಬಂದ ಫಿಲಂ ಕನ್ನಡಕದ ಗಾಜಿನಷ್ಟು ತಿಳಿ. ‘ಶಟರ್ ತೆರೆದೇ ಇಲ್ಲ, ಕ್ಯಾಮೆರಾ ಕೆಟ್ಟಿದೆ’ ಎಂದು ಹೇಳಿ ಕಳಿಸಿದರು.

ಆ ಫಿಲಂ ಪಟ್ಟಿಯ ಅಂಚನ್ನು ನೋಡಿದವರಿಗೆ ಹೊಟ್ಟೆ ಉರಿಯದೆ ಇರದು. ಪ್ರತಿ ರೋಲಿನ ಅಂಚಿನಲ್ಲೂ ಕಂಪನಿಯ ಹೆಸರು, ಫಿಲಂ ಹೆಸರು, ಫ್ರೇಮ್ ಅಂಕಿಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ. ತೊಳೆದಾಗ ಅವೂ ಮೂಡಬೇಕು. ಶಟರ್ ತೆರೆಯದೆ ಇದ್ದಿದ್ದರೆ ಚಿತ್ರ ಇರುತ್ತಿರಲಿಲ್ಲ, ಅಂಚಿನ ಅಕ್ಷರಗಳು ಮಾತ್ರ ಕಪ್ಪಗೆ ನಿಂತಿರುತ್ತಿದ್ದವು. ಇಲ್ಲಿ ಅಕ್ಷರವೂ ಇಲ್ಲ. ತಪ್ಪು ಕ್ಯಾಮೆರಾದ್ದಲ್ಲ, ತೊಳೆದದ್ದರಲ್ಲಿತ್ತು: ಕಪ್ಪುಬಿಳುಪು ರೋಲನ್ನು ಕಲರ್ ಫಿಲಂಗಳ ಜೊತೆ, ಕಲರ್ ನೆಗೆಟಿವ್ ತೊಳೆಯುವ ಸಿ-41 ಎಂಬ ಪ್ರಕ್ರಿಯೆಗೆ ಹಾಕಿದ್ದರು.

ಸಿ-41ರಲ್ಲಿ ಫಿಲಂ 38 ಡಿಗ್ರಿ ಸೆಲ್ಸಿಯಸ್‌ನ ಡೆವಲಪರ್‌ನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, 3 ನಿಮಿಷ 15 ಸೆಕೆಂಡ್ ಇರುತ್ತದೆ. ಅಲ್ಲಿ ಬೆಳ್ಳಿಯ ಚಿತ್ರದ ಜೊತೆಗೇ ಬಣ್ಣದ ಚಿತ್ರವೂ ಹುಟ್ಟುತ್ತದೆ. ಮುಂದಿನ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನೆಲ್ಲ ತೆಗೆದುಹಾಕುತ್ತವೆ, ಬಣ್ಣ ಮಾತ್ರ ಉಳಿಯುತ್ತದೆ. ಎಚ್‌ಪಿ5, ಎಫ್‌ಪಿ4, ಟ್ರೈ-ಎಕ್ಸ್, ಫೊಮಾಪ್ಯಾನ್‌ಗಳಲ್ಲಿ ಬಣ್ಣ ಹುಟ್ಟಿಸುವ ವಸ್ತುವೇ ಇಲ್ಲ. ಇರುವುದು ಬೆಳ್ಳಿ ಒಂದೇ, ಅದು ಹೋದರೆ ಎಲ್ಲವೂ ಹೋಯಿತು. ಇದನ್ನು ವಾಪಸ್ ತರುವ ದಾರಿ ಇಲ್ಲ. ಕಲರ್ ಫಿಲಂ ತಪ್ಪಿ ಕಪ್ಪುಬಿಳುಪು ಡೆವಲಪರ್‌ಗೆ ಬಿದ್ದರೆ ಮಸುಕಾದರೂ ಒಂದು ಚಿತ್ರ ಸಿಗುತ್ತದೆ, ಸ್ಕ್ಯಾನ್ ಮಾಡಿ ಎತ್ತಿಕೊಳ್ಳಬಹುದು. ಉಲ್ಟಾ ತಪ್ಪಿಗೆ ಕ್ಷಮೆ ಇಲ್ಲ. ಇಲ್ಫೋರ್ಡ್ ಎಕ್ಸ್‌ಪಿ2 ಸೂಪರ್ ಮಾತ್ರ ಕಪ್ಪುಬಿಳುಪಾದರೂ ಸಿ-41ಕ್ಕೆಂದೇ ಮಾಡಿದ್ದು.

ಆದ್ದರಿಂದ ರೋಲ್ ಕೊಡುವಾಗ ಬಾಯಿಮಾತಿನಲ್ಲಿ ಬಿಡಬೇಡಿ. ರೋಲ್ ಮುಗಿದ ಮೇಲೆ ಸುತ್ತುವ ಅಂಟುಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ‘ಕಪ್ಪುಬಿಳುಪು, ಸಿ-41 ಬೇಡ’ ಎಂದು ಬರೆಯಿರಿ, ರಸೀದಿಯಲ್ಲೂ ಬರೆಸಿ. ಕಪ್ಪುಬಿಳುಪಿಗೆ ಯಾವ ಡೆವಲಪರ್ ಬಳಸುತ್ತೀರಿ ಎಂದು ಕೇಳಿ. ಡಿ-76 ಎಂದೋ ಐಡಿ-11 ಎಂದೋ ತಟ್ಟನೆ ಹೆಸರು ಹೇಳಿದರೆ ಕೊಡಿ. ‘ಎಲ್ಲ ಒಂದೇ ಮಿಷಿನ್ನಿನಲ್ಲಿ ಆಗುತ್ತೆ’ ಎಂದರೆ ರೋಲ್ ಕಿಸೆಗೆ ಹಾಕಿಕೊಂಡು ಎದ್ದು ಬನ್ನಿ. ಸಣ್ಣ ಊರಿನ ಹಳೆಯ ಮಿನಿಲ್ಯಾಬ್ ಯಂತ್ರಗಳು ಹೆಚ್ಚಾಗಿ 35 ಮಿ.ಮೀ. ಫಿಲಂಗೆಂದು ಇದ್ದಂಥವು. ಈ ಕ್ಯಾಮೆರಾಕ್ಕೆ ಹಾಕುವ, ಅದಕ್ಕಿಂತ ಅಗಲವಾದ 120 ರೋಲನ್ನು ಬೆಂಗಳೂರಿಗೆ ಕಳಿಸುವುದೇ ಕ್ಷೇಮ.

ಮನೆಯಲ್ಲೇ ತೊಳೆಯಬಹುದು, ಕಷ್ಟವೇನಿಲ್ಲ, ಆದರೆ ನಮ್ಮ ಕಡೆಯ ನೀರು ಮತ್ತು ಬಿಸಿಲು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಚ್‌ಪಿ5ಗೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಬೇಸಿಗೆಯಲ್ಲಿ ನಲ್ಲಿ ನೀರು 20ಕ್ಕೆ ಇರುವುದಿಲ್ಲ. ಡೆವಲಪರ್, ಫಿಕ್ಸರ್, ತೊಳೆಯುವ ನೀರು ಮೂರನ್ನೂ ಐಸ್ ಹಾಕಿದ ಟಬ್ಬಿನಲ್ಲಿಟ್ಟು ಒಂದೇ ಉಷ್ಣಾಂಶಕ್ಕೆ ತನ್ನಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರಿನ ಗಡಸುತನ ಪಾತ್ರೆ ತೊಳೆಯುವವರಿಗೆಲ್ಲ ಗೊತ್ತು. ಅದೇ ಬಿಳಿ ಪೊರೆ ಫಿಲಂ ಮೇಲೂ ಒಣಗಿ ಕೂರುತ್ತದೆ, ಆಕಾಶದ ಭಾಗದಲ್ಲಿ ಎದ್ದು ಕಾಣುತ್ತದೆ. ಕೊನೆಯ ಜಾಲಾಟಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದಿಟ್ಟುಕೊಳ್ಳಿ.

ಕ್ಯಾಮೆರಾಕ್ಕೆ ಮರಳೋಣ, ತಿದಿ ಒಂದೇ ಅಲ್ಲ. ಆಗ್ಫಾದ ಇನ್ನೊಂದು ಕುಖ್ಯಾತ ರೋಗ ಹಸಿರು ಗ್ರೀಸ್. ಲೆನ್ಸಿನ ಮುಂದಿನ ಗಾಜನ್ನು ತಿರುಗಿಸಿ ಫೋಕಸ್ ಮಾಡುವ ಎಳೆಗಳಲ್ಲಿ ಅದು ಗಟ್ಟಿಯಾಗಿ ಸಿಮೆಂಟಾಗಿರುತ್ತದೆ. ಬಲ ಹಾಕಿ ತಿರುಗಿಸಿದರೆ ತಿರುಗಿತು ಎನಿಸುತ್ತದೆ. ನಿಜವಾಗಿ ತಿರುಗಿದ್ದು ಮುಂದಿನ ಗಾಜಿಗೆ ಅಂಟಿಕೊಂಡ ಅದರ ಹಿಂದಿನ ಗಾಜೂ ಸೇರಿ. ಆಮೇಲೆ ಅಳತೆಪಟ್ಟಿ ಎಷ್ಟೇ ತೋರಿಸಲಿ, ಎಲ್ಲ ಚಿತ್ರವೂ ಮಬ್ಬು. ಪರೀಕ್ಷೆ ಹೀಗೆ: ಫಿಲಂ ಕೂರುವ ಒಳಹಳಿಗಳ ಮೇಲೆ ಟ್ರೇಸಿಂಗ್ ಕಾಗದವನ್ನು ಸುಕ್ಕಿಲ್ಲದೆ ಬಿಗಿಯಾಗಿ ಅಂಟಿಸಿ, ಶಟರನ್ನು ಬಿ ಮೇಲಿಟ್ಟು (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತು) ತೆರೆದು ಹಿಡಿದು, ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಪೂರ್ತಿ ಬಿಚ್ಚಿ. ಪಟ್ಟಿಯನ್ನು ಅನಂತದ ಗುರುತಿಗೆ ತಂದು ಕ್ಯಾಮೆರಾವನ್ನು ದೂರದ ನಂದಿಬೆಟ್ಟದ ಅಂಚಿಗೆ ತಿರುಗಿಸಿ, ತಲೆಯ ಮೇಲೆ ಬಟ್ಟೆ ಹೊದ್ದು ನೋಡಿ. ತಲೆಕೆಳಗಾದ ಬೆಟ್ಟದ ಗೆರೆ ಚೂಪಾಗಿರಬೇಕು. ಎಡಭಾಗ ಚೂಪಾಗಿದ್ದು ಬಲಭಾಗ ಮಬ್ಬಾಗಿದ್ದರೆ ಲೆನ್ಸ್ ಹಿಡಿದ ಸರಳುಗಳಲ್ಲಿ ಒಂದು ಕಡೆಯದು ಲಾಕ್ ಆಗಿಲ್ಲ ಅಥವಾ ಬಾಗಿದೆ.

ಶಟರ್ ಪರೀಕ್ಷೆಗೆ ಮೊಬೈಲ್ ಸಾಕು. ಸೆಕೆಂಡಿಗೆ 240 ಫ್ರೇಮಿನ ಸ್ಲೋಮೋಷನ್‌ನಲ್ಲಿ ಚಿತ್ರಿಸಿ, ಶಟರ್ ತೆರೆದಿರುವ ಫ್ರೇಮ್ ಎಣಿಸಿ. 1/25ಕ್ಕೆ ಸುಮಾರು ಹತ್ತು, 1/5ಕ್ಕೆ ಸುಮಾರು 48 ಬರಬೇಕು. 1/25ಕ್ಕೆ ಇಪ್ಪತ್ತು ಬಂದರೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಎಂದು ಲೆಕ್ಕ ಹಾಕಿಕೊಳ್ಳಬಹುದು. ತೆರೆದದ್ದು ಮುಚ್ಚಲೇ ಇಲ್ಲವೆಂದರೆ ರಿಪೇರಿಗೆ ಕೊಡಿ. ದಯವಿಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ. ಶಟರಿನ ಎಲೆಗಳು ಒಣದಾಗಿಯೇ ಓಡಬೇಕು, ಒಂದು ಹನಿ ಎಣ್ಣೆ ಹರಡಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೆಲ್ಫ್ ಟೈಮರ್ ಕಡ್ಡಿಯನ್ನು ಮುಟ್ಟಲೇಬೇಡಿ. ಪ್ರೊಂಟರ್ ಶಟರುಗಳಲ್ಲಿ ವಿ ಅಕ್ಷರ ಅದರದ್ದೇ ಗುರುತು. ಒಣಗಿದ ಗ್ರೀಸಿನಲ್ಲಿ ಅದು ಅರ್ಧಕ್ಕೆ ನಿಂತರೆ ಇಡೀ ಶಟರ್ ಸಿಕ್ಕಿಬೀಳುತ್ತದೆ.

ಕ್ಯಾಮೆರಾವನ್ನು ಮೊದಲು ನಿಧಾನವಾಗಿ ಬಿಚ್ಚಿ, ಆಮೇಲೆ ಫಿಲಂ ಸುತ್ತಿ. ಫಟ್ಟನೆ ಬಿಚ್ಚಿದರೆ ತಿದಿ ಗಾಳಿ ಎಳೆದುಕೊಂಡು ಫಿಲಂ ಮುಂದಕ್ಕೆ ಉಬ್ಬುತ್ತದೆ, ಫೋಕಸ್ ತಪ್ಪುತ್ತದೆ. ಕೆಂಪು ಕಿಟಕಿಗೆ ಮುಚ್ಚಳ ಇಲ್ಲದಿದ್ದರೆ ಕಪ್ಪು ಪಟ್ಟಿ ಹಾಕಿ, ನೆರಳಿನಲ್ಲಿ ಮಾತ್ರ ತೆಗೆದು ಅಂಕಿ ನೋಡಿ. ಕೆಂಪು ಬೆಳಕು ಸೋಕದ ಆರ್ಥೊ ಫಿಲಂಗಳ ಕಾಲದಲ್ಲಿ ಬಂದ ಕಿಟಕಿ ಅದು, ಇಂದಿನ ಪ್ಯಾನ್ ಫಿಲಂಗೆ ಕೆಂಪೂ ಕಾಣುತ್ತದೆ.

ಕೊನೆಯದಾಗಿ ಸ್ಪೂಲ್, ಅಂದರೆ ಫಿಲಂ ಸುತ್ತಿರುವ ಉರುಳೆ. ನಿಮ್ಮದು ಕೊಡಾಕ್ ಮಡಚು ಕ್ಯಾಮೆರಾ ಆಗಿದ್ದು ಒಳಗೆ 620 ಎಂದು ಬರೆದಿದ್ದರೆ 120 ರೋಲ್ ನೇರವಾಗಿ ಕೂರುವುದಿಲ್ಲ. ಫಿಲಂ ಅಗಲ ಒಂದೇ, 620ರ ಸ್ಪೂಲ್ ಮಾತ್ರ ಸಣ್ಣದು. ಆ ಫಿಲಂ ತಯಾರಿಕೆಯನ್ನು ಕೊಡಾಕ್ 1995ರಲ್ಲಿ ನಿಲ್ಲಿಸಿತು. ಕತ್ತಲಲ್ಲಿ 120 ಫಿಲಂ ಬಿಚ್ಚಿ ಹಳೆಯ 620 ಸ್ಪೂಲಿಗೆ ಸುತ್ತಬೇಕು, ಅದಕ್ಕೆ ಎರಡು ಸ್ಪೂಲ್ ಬೇಕು: ಒಂದು ಫಿಲಂಗೆ, ಇನ್ನೊಂದು ಸುತ್ತಿಕೊಳ್ಳಲು. ಕ್ಯಾಮೆರಾದೊಳಗೆ ಅಜ್ಜ ಬಿಟ್ಟುಹೋದ ಖಾಲಿ ಲೋಹದ ಸ್ಪೂಲ್ ಇದ್ದರೆ ಎಸೆಯಬೇಡಿ. ಫಿಲಂ ತೊಳೆಯಲು ಹೋಗುವುದು ಆ ಸ್ಪೂಲಿನ ಮೇಲೆಯೇ, ಲ್ಯಾಬಿನವರು ಅದನ್ನು ಕಸದ ಬುಟ್ಟಿಗೆ ಹಾಕುವುದೇ ರೂಢಿ. ಅಂಟುಪಟ್ಟಿಯ ಮೇಲೆ ಸಿ-41 ಬೇಡ ಎಂದು ಬರೆದ ಕೆಳಗೇ ‘ಸ್ಪೂಲ್ ವಾಪಸ್ ಕೊಡಿ’ ಎಂದೂ ಬರೆಯಿರಿ.