ದೊಡ್ಡ ಅಂಕಿಯ ಕೆಳಗಿನ ಮೂರು ಸಣ್ಣ ಅಂಕಿಗಳು: ಸ್ಪೀಡ್‌ಟೆಸ್ಟ್ ಆ್ಯಪ್‌ನ ದೀರ್ಘಕಾಲದ ಬಳಕೆಯ ಅನುಭವ

ಊಕ್ಲಾ ಕಂಪನಿಯ ಸ್ಪೀಡ್‌ಟೆಸ್ಟ್ ಆ್ಯಪ್ ಹೇಗಿರುತ್ತದೆ ಎಂದು ವಿವರಿಸುವ ಅಗತ್ಯವಿಲ್ಲ. ಮನೆಗೆ ಫೈಬರ್ ಹಾಕಿಸಿಕೊಂಡವರೆಲ್ಲರೂ ಜೋಡಣೆಗೆ ಬಂದ ಹುಡುಗನ ಮೊಬೈಲಿನಲ್ಲಿ ಅದರ ಮುಳ್ಳು ಬಲಕ್ಕೆ ಹಾರುವುದನ್ನು ನೋಡಿಯೇ ಇರುತ್ತಾರೆ. ಎರಡು ಮಳೆಗಾಲ ದಾಟುವಷ್ಟು ಕಾಲ ಇದನ್ನು ಹೆಚ್ಚುಕಡಿಮೆ ಪ್ರತಿದಿನ ಬಳಸಿದ ಮೇಲೆ, ಆ ಮುಳ್ಳಿನತ್ತ ನೋಡುವುದನ್ನೇ ನಾನು ಬಿಟ್ಟಿದ್ದೇನೆ; ಆದರೂ ಆ್ಯಪ್ ಮಾತ್ರ ಮೊಬೈಲಿನಲ್ಲಿಯೂ ಲ್ಯಾಪ್‌ಟಾಪಿನಲ್ಲಿಯೂ ಉಳಿದುಕೊಂಡಿದೆ.

ನಮ್ಮದು ಉಡುಪಿಯ ಕುಂಜಿಬೆಟ್ಟಿನಲ್ಲಿರುವ, ಮುರಕಲ್ಲಿನ ಗೋಡೆಗಳ ಹಳೆಯ ಮನೆ. 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಯೋಜನೆಗೆ ತಿಂಗಳಿಗೆ ಏಳುನೂರು ಚಿಲ್ಲರೆ ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಕೊಡುತ್ತೇನೆ. ಅದಕ್ಕಿಂತ ಹೆಚ್ಚು ಕೊಡುವ ಮನಸ್ಸಿಲ್ಲ. ಅಪ್‌ಲೋಡ್ ವೇಗ 25ರ ಆಸುಪಾಸಿನಲ್ಲಿದೆ. ನನ್ನ ಬಳಕೆಯಲ್ಲಿ ವಿಶೇಷವೆನ್ನುವುದು ಒಂದೇ: ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಹೊರಟಂದಿನಿಂದ, ಮೇ ಕೊನೆಯಲ್ಲಿ ಅವು ತಿರುಗಾಟ ಮುಗಿಸುವ ಪತ್ತನಾಜೆಯವರೆಗೆ, ಹತ್ತಿರದ ಬಯಲಾಟಗಳನ್ನು ಮೇಳದವರ ಒಪ್ಪಿಗೆ ಪಡೆದು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುತ್ತೇನೆ. ಮೂರೂವರೆ ಗಂಟೆಯ ಕಾಲಮಿತಿ ಪ್ರಸಂಗವನ್ನು 16 ಎಂಬಿಪಿಎಸ್ ಗುಣಮಟ್ಟದಲ್ಲಿ ಉಳಿಸಿಕೊಂಡರೆ ಕಡತ ಸುಮಾರು 25 ಜಿಬಿ ಆಗುತ್ತದೆ, ಅದು ಪೂರ್ತಿ ಮೇಲೇರಲು ಎರಡೂಕಾಲು ಗಂಟೆಯಾದರೂ ಬೇಕು.

ತೊಂದರೆ ಆರಂಭವಾಗುತ್ತಿದ್ದದ್ದು ಆ ಎರಡೂಕಾಲು ಗಂಟೆಯಲ್ಲಿಯೇ. ಬೆಂಗಳೂರಿನಲ್ಲಿರುವ ಮಗಳೊಂದಿಗೆ ವಿಡಿಯೊ ಕರೆಯಲ್ಲಿದ್ದ ನನ್ನ ಹೆಂಡತಿ, "ಎಂತ ಮಾರಾಯ್ರೆ, ಪುನಃ ನಿಂತಿತು" ಎಂದು ಚಾವಡಿಯಿಂದ ಕೂಗುತ್ತಿದ್ದಳು. ಸೇವಾದಾರರಿಗೆ ದೂರು ಕೊಟ್ಟರೆ ಅವರು ಕಳಿಸಿದ ಹುಡುಗ ಮೋಡೆಮ್ ಪಕ್ಕದಲ್ಲಿ ನಿಂತು ಇದೇ ಆ್ಯಪ್ ಒತ್ತಿ, 95 ತೋರಿಸಿ, "ಫುಲ್ ಸ್ಪೀಡ್ ಬರ್ತಾ ಉಂಟಲ್ಲ ಸರ್, ಇನ್ನೆಂತ ಪ್ರಾಬ್ಲಮ್?" ಎಂದು ಕೇಳಿ ಹೊರಟುಹೋಗುತ್ತಿದ್ದ. ಅಂಕಿ ಸುಳ್ಳಾಗಿರಲಿಲ್ಲ, ಕರೆ ನಿಲ್ಲುತ್ತಿದ್ದದ್ದೂ ಸುಳ್ಳಾಗಿರಲಿಲ್ಲ.

ಈ ಪರೀಕ್ಷೆ ನಡೆಯುವ ಬಗೆಯನ್ನು ತಿಳಿದುಕೊಂಡರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ಪೀಡ್‌ಟೆಸ್ಟ್ ಹತ್ತಿರದ ಸರ್ವರೊಂದನ್ನು ತಾನೇ ಆರಿಸಿಕೊಂಡು, ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆದು, ಕೆಲವೇ ಸೆಕೆಂಡುಗಳ ಕಾಲ ಹಾದಿಯನ್ನು ಪೂರ್ತಿ ತುಂಬಿಸಿ ನೋಡುತ್ತದೆ. ಎಷ್ಟೋ ಸಲ ಆ ಸರ್ವರ್ ಸೇವಾದಾರರ ಜಾಲದ ಒಳಗೇ ಇರುತ್ತದೆ. ನೆಟ್‌ಫ್ಲಿಕ್ಸ್ 2016ರಲ್ಲಿ ಆರಂಭಿಸಿದ ಫಾಸ್ಟ್ ಡಾಟ್ ಕಾಮ್ ಎಂಬ ವೇಗಪರೀಕ್ಷೆಯ ತಾಣ ತನ್ನದೇ ಸರ್ವರುಗಳವರೆಗಿನ ಹಾದಿಯನ್ನು ಅಳೆಯುತ್ತದೆ. ಅದೇ ವರ್ಷ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರತಂದ ಮೈಸ್ಪೀಡ್ ಆ್ಯಪ್ ಅನ್ನೂ ಕೆಲವು ಕಾಲ ಇಟ್ಟುಕೊಂಡಿದ್ದೆ. ನಮ್ಮ ದೇಶದಲ್ಲಿ 2023ರಿಂದ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂಬ ವ್ಯಾಖ್ಯೆ ಇರುವುದರಿಂದ, 95 ಬರುವ ಮನೆಯವನ ದೂರನ್ನು ಯಾರು ತಾನೇ ಕಿವಿಗೆ ಹಾಕಿಕೊಳ್ಳುತ್ತಾರೆ? ಆ ದಿನಗಳಲ್ಲಿ ಈ ವಿಮರ್ಶೆ ಬರೆದಿದ್ದರೆ ಐದರಲ್ಲಿ ಒಂದು ನಕ್ಷತ್ರವನ್ನಷ್ಟೇ ಕೊಡುತ್ತಿದ್ದೆ, ಅದೂ ಬಣ್ಣ ಚೆನ್ನಾಗಿದೆ ಎಂಬ ಕಾರಣಕ್ಕೆ.

ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಪಿಂಗ್ ಎಂಬ ಪದದ ಪಕ್ಕದಲ್ಲಿರುವ ಮೂರು ಪುಟ್ಟ ಅಂಕಿಗಳು. ಮೊದಲನೆಯದು ಸಂಪರ್ಕ ಖಾಲಿ ಇರುವಾಗಿನ ವಿಳಂಬ (ಪುಟ್ಟ ಸಂದೇಶವೊಂದು ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ), ಎರಡನೆಯದು ಡೌನ್‌ಲೋಡ್ ನಡೆಯುತ್ತಿರುವಾಗಿನದು, ಮೂರನೆಯದು ಅಪ್‌ಲೋಡ್ ನಡೆಯುತ್ತಿರುವಾಗಿನದು. ಕೊನೆಯ ಎರಡನ್ನು ಊಕ್ಲಾ ಸೇರಿಸಿದ್ದು 2022ರಲ್ಲಿ. ನಮ್ಮ ಮನೆಯಲ್ಲಿ ಮೊದಲನೆಯದು 12 ಮಿಲಿಸೆಕೆಂಡ್ ಇದ್ದರೆ ಮೂರನೆಯದು ಮುನ್ನೂರನ್ನು ದಾಟುತ್ತಿತ್ತು. ಉಡುಪಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ.; ಗಾಜಿನ ಎಳೆಯೊಳಗೆ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುವುದರಿಂದ ಹೋಗಿ ಬರಲು ನಾಲ್ಕು ಮಿಲಿಸೆಕೆಂಡ್ ಸಾಕು, ನಡುವಿನ ಯಂತ್ರಗಳ ಪಾಲು ಸೇರಿ 12 ಆಗುವುದು ನ್ಯಾಯವೇ. ಉಳಿದ ಮುನ್ನೂರು ಎಲ್ಲಿಂದ ಬಂತು ಎಂಬುದೇ ಪ್ರಶ್ನೆಯಾಗಿತ್ತು.

ಅದು ಬಂದದ್ದು ಮೋಡೆಮ್‌ನೊಳಗಿನ ಸಾಲಿನಿಂದ. ಕಡತ ಕಳಿಸುವ ತಂತ್ರಾಂಶ, ಎಲ್ಲಿಯಾದರೂ ಒಂದು ಪ್ಯಾಕೆಟ್ (ಕಡತವನ್ನು ಒಡೆದು ಕಳಿಸುವ ಪುಟ್ಟ ತುಣುಕು) ಕಳೆದುಹೋಗುವವರೆಗೂ ತನ್ನ ವೇಗವನ್ನು ಏರಿಸುತ್ತಲೇ ಇರುತ್ತದೆ. ಕಳೆದುಹೋದರೆ ಮಾತ್ರ ಹಾದಿ ತುಂಬಿದೆ ಎಂದು ಅದಕ್ಕೆ ಅರಿವಾಗುತ್ತದೆ. ಮೋಡೆಮ್‌ನಲ್ಲಿ ಧಾರಾಳವಾಗಿ ಮೆಮೊರಿ ಇಟ್ಟರೆ ಪ್ಯಾಕೆಟ್ ಕಳೆಯುವ ಬದಲು ಸಾಲಿನಲ್ಲಿ ನಿಲ್ಲುತ್ತದೆ. 25 ಎಂಬಿಪಿಎಸ್ ಅಪ್‌ಲೋಡ್ ಇರುವಲ್ಲಿ ಒಂದೇ ಒಂದು ಎಂಬಿ ಸಾಲು ಕಟ್ಟಿಕೊಂಡರೂ ಅದು ಕರಗಲು 320 ಮಿಲಿಸೆಕೆಂಡ್ ಬೇಕು. ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ದೋಣಿಗೆ ಪ್ರವಾಸಿ ಬಸ್ಸೊಂದರ ಜನರೆಲ್ಲ ಸಾಲು ನಿಂತಾಗ, ಅವರ ಹಿಂದೆ ಬಂದ ಒಬ್ಬನೇ ಒಬ್ಬನೂ ಅಷ್ಟೇ ಹೊತ್ತು ಕಾಯಬೇಕಾಗುವಂತೆ, ಹೆಂಡತಿಯ ಮಾತಿನ ಪುಟ್ಟ ಪ್ಯಾಕೆಟ್ ನನ್ನ ಬಯಲಾಟದ ಹಿಂದೆ ಕಾಯುತ್ತಿತ್ತು. ಧ್ವನಿ ಕರೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ವರೆಗಿನ ವಿಳಂಬ ಸಾಮಾನ್ಯವಾಗಿ ಸಹ್ಯ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ನಮ್ಮದು ಅದರ ಎರಡು ಪಟ್ಟಾಗಿತ್ತು. ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು 2010ರ ಹೊತ್ತಿಗೆ ತಮ್ಮ ಮನೆಯ ಸಂಪರ್ಕದಲ್ಲಿಯೇ ಇದನ್ನು ಗುರುತಿಸಿ ಬಫರ್‌ಬ್ಲೋಟ್ ಎಂದು ಕರೆದರು. ಸಾಲು ಬೆಳೆಯದಂತೆ ನೋಡಿಕೊಳ್ಳುವ ಕೋಡೆಲ್ ಎಂಬ ಕ್ರಮವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಇಷ್ಟು ವರ್ಷಗಳಾದರೂ ನಮ್ಮ ಚಾವಡಿಯ ಮೋಡೆಮ್‌ಗೆ ಆ ಸುದ್ದಿ ಮುಟ್ಟಿರಲಿಲ್ಲ.

ಇದು ತಿಳಿದ ಮೇಲೆ ಪರೀಕ್ಷೆ ಮಾಡುವುದು ನನಗೆ ಒಂದು ನಿತ್ಯಕರ್ಮದಂತಾಯಿತು, ಅದರಲ್ಲಿ ಒಂದು ಸುಖವೂ ಇದೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯುತ್ತಿರುವಾಗ, ಮೊಬೈಲುಗಳನ್ನೆಲ್ಲ ಏರೋಪ್ಲೇನ್ ಮೋಡ್‌ಗೆ ಹಾಕಿ, ಟಿವಿಯ ಸ್ವಿಚ್ ಆರಿಸಿ, ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ, ಸರ್ವರನ್ನು ಆ್ಯಪ್‌ನ ಇಷ್ಟಕ್ಕೆ ಬಿಡದೆ ಬೆಂಗಳೂರಿನ ಒಂದನ್ನೇ ಪ್ರತಿ ಸಲವೂ ಆರಿಸುತ್ತೇನೆ. ಸರ್ವರ್ ಬದಲಾದರೆ ನಿನ್ನೆಯ ಅಂಕಿಗೂ ಇಂದಿನ ಅಂಕಿಗೂ ಸಂಬಂಧವೇ ಇರುವುದಿಲ್ಲ. ಆಮೇಲೆ ಕೇಬಲ್ ತೆಗೆದು ವೈಫೈಯಲ್ಲಿ ಒಮ್ಮೆ, ಅಡುಗೆಮನೆಯ ಗೋಡೆಯ ಆಚೆ ನಿಂತು ಇನ್ನೊಮ್ಮೆ. ಮುರಕಲ್ಲಿನ ದಪ್ಪ ಗೋಡೆಯ ಮುಂದೆ 5 ಗಿಗಾಹರ್ಟ್ಸ್‌ನ ಆಟ ನಡೆಯುವುದಿಲ್ಲ. ಚಾವಡಿಯಲ್ಲಿ 95 ಇದ್ದದ್ದು ಅಲ್ಲಿ 20ಕ್ಕೆ ಇಳಿಯುತ್ತದೆ, 2.4 ಗಿಗಾಹರ್ಟ್ಸ್‌ಗೆ ಬದಲಿಸಿದರೆ 35 ಸಿಗುತ್ತದೆ. ಆ್ಯಪ್ ತಾನೇ ಇತಿಹಾಸವನ್ನು ಇಟ್ಟುಕೊಳ್ಳುತ್ತದೆಯಾದರೂ, ಸಿಲಿಂಡರ್ ಬದಲಿಸಿದ ದಿನವನ್ನೂ ಹಾಲು ಬಾರದ ದಿನವನ್ನೂ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿಯೇ ಮೂರನೆಯ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಮಳೆಗಾಲದ ಚೌಕಗಳನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟ: ತೆಂಗಿನ ಮಡಲು ಬಿದ್ದು ತಂತಿ ಕಡಿದ ದಿನ ಮೋಡೆಮ್‌ನ ಕೆಂಪು ದೀಪ ಹೊತ್ತಿಕೊಂಡು ಎಲ್ಲವೂ ಸೊನ್ನೆ, ಉಳಿದ ದಿನ ಎಷ್ಟೇ ಮಳೆ ಸುರಿದರೂ ಅಂಕಿಗಳಲ್ಲಿ ವ್ಯತ್ಯಾಸವಿಲ್ಲ.

ಪರಿಹಾರಕ್ಕಾಗಿ ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಒಪ್ಪಿಕೊಳ್ಳುವ ಹಳೆಯ ರೂಟರೊಂದನ್ನು ಅಗ್ಗಕ್ಕೆ ತಂದು ಮೋಡೆಮ್‌ಗೂ ಮನೆಗೂ ನಡುವೆ ಇಟ್ಟು, ಅದರಲ್ಲಿ ಕೇಕ್ ಎಂಬ ಸಾಲು ನಿರ್ವಹಣೆಯ ಕ್ರಮವನ್ನು ಆರಿಸಿ, ಅಪ್‌ಲೋಡ್ ಮಿತಿಯನ್ನು 25ರ ಬದಲು 22ಕ್ಕೆ ಇಳಿಸಿದೆ. ಹೀಗೆ ಮಾಡಿದಾಗ ಸಾಲು ನಮ್ಮ ಹಿಡಿತದಲ್ಲಿರುವ ರೂಟರಿನಲ್ಲಿ ಕಟ್ಟುತ್ತದೆ, ಅಲ್ಲಿ ಪುಟ್ಟ ಪ್ಯಾಕೆಟ್‌ಗೆ ಮುಂದೆ ಹೋಗಲು ದಾರಿ ಸಿಗುತ್ತದೆ. ಮೂರನೆಯ ಅಂಕಿ 20ರ ಆಚೀಚೆ ಬಂದು ನಿಂತಿತು. ಬಯಲಾಟ ಏರಲು ಹದಿನೈದು ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಮಗಳ ಮುಖ ಮಾತ್ರ ನಿಲ್ಲುವುದಿಲ್ಲ. ದೊಡ್ಡ ಅಂಕಿ ಕಡಿಮೆಯಾದ ಮೇಲೆ ಇಂಟರ್ನೆಟ್ ಉತ್ತಮವಾಯಿತು ಎಂದರೆ ಜೋಡಣೆಯ ಹುಡುಗ ಇಂದಿಗೂ ನಂಬುವುದಿಲ್ಲ.

ದೋಷಗಳು ಇಲ್ಲವೆಂದಲ್ಲ. ಉಚಿತ ಆವೃತ್ತಿಯಲ್ಲಿ ಜಾಹೀರಾತುಗಳಿವೆ. ಪರೀಕ್ಷೆ ಡೇಟಾ ನುಂಗುತ್ತದೆ: 100 ಎಂಬಿಪಿಎಸ್‌ನಲ್ಲಿ ಹತ್ತು ಸೆಕೆಂಡು ಎಂದರೆ 125 ಎಂಬಿ, ಹಾಗಾಗಿ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಇರುವವರು 5ಜಿಯಲ್ಲಿ ಆಟಕ್ಕೆಂದು ಒತ್ತದಿರುವುದು ಒಳ್ಳೆಯದು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ನಿಜವಾಗಿ ಉಪಯೋಗಕ್ಕೆ ಬರುವ ಅಂಕಿಗಳನ್ನು ನನ್ನಂಥ ಕನ್ನಡಕದವರಿಗೆ ಕಾಣದಷ್ಟು ಸಣ್ಣಕ್ಷರದಲ್ಲಿ ಇಟ್ಟಿರುವುದು. ಅದಕ್ಕೇ ನಾಲ್ಕು ನಕ್ಷತ್ರ, ಐದಲ್ಲ.

ಕಳೆದ ನವೀಕರಣದ ಸಮಯದಲ್ಲಿ ಸೇವಾದಾರರ ಕಡೆಯವರು 200 ಎಂಬಿಪಿಎಸ್‌ಗೆ ಏರಿಸಿಕೊಳ್ಳಿ ಎಂದು ಒತ್ತಾಯಿಸಿದರು. ನೆರೆಮನೆಯವರು ಏರಿಸಿಕೊಂಡಿದ್ದಾರೆ, ಅವರ ಮೋಡೆಮ್‌ನ ಲ್ಯಾನ್ ಕಿಂಡಿ ಹಳೆಯ 100ರ ಮಾದರಿಯದಾದ್ದರಿಂದ ಕೇಬಲ್‌ನಲ್ಲಿ ಅಳೆದರೆ ಈಗಲೂ 94 ಬರುತ್ತದೆ. ನಾನು ಅಪ್‌ಲೋಡ್ ಹೆಚ್ಚುವುದೇ ಎಂದು ಕೇಳಿದೆ. ಅದು 25 ಆಗಿಯೇ ಇರುತ್ತದೆ ಎಂದರು. ಹಳೆಯ ಯೋಜನೆಗೇ ಒಂದು ವರ್ಷದ ಹಣ ಕಟ್ಟಿದೆ.