ಡಾಪ್ಲರ್ ತೋರಿಸುತ್ತಿದ್ದುದು ನನ್ನದೇ ನಾಡಿ: ಮನೆಯಲ್ಲಿ ಹೆರಿಗೆ ಬಯಸುವವರಿಗೆ ಒಂದು ಎಚ್ಚರಿಕೆ

ನನ್ನ ಚೊಚ್ಚಲ ಹೆರಿಗೆಯ ದಿನ, ಮಧ್ಯಾಹ್ನ ಎರಡು ಗಂಟೆಯಿಂದ ನಡುರಾತ್ರಿ ದಾಟುವವರೆಗೆ, ನಮ್ಮ ಮನೆಯ ಆ ಕೋಣೆಯಲ್ಲಿ ಮಗುವಿನ ಎದೆಬಡಿತವನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದೇವೆ ಎಂದು ಮಾತ್ರ ಎಲ್ಲರೂ ನಂಬಿದ್ದೆವು. ಮಗು ಈಗ ಚೆನ್ನಾಗಿದೆ. ಇದನ್ನು ಓದುವವರಲ್ಲಿ ತುಂಬಿದ ಬಸುರಿಯರೂ ಇರಬಹುದಾದ್ದರಿಂದ ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆರುವುದೇ ತಪ್ಪು ಎಂದು ಸಾಧಿಸುವ ಹಟ ನನಗಿಲ್ಲ. ನಾವು ಎಡವಿದ್ದು ಬೇರೆ ಕಡೆ. ಡೂಲಾ ಮಾಡುವ ಕೆಲಸ ಯಾವುದು, ಮಿಡ್‌ವೈಫ್ ಮಾಡುವ ಕೆಲಸ ಯಾವುದು ಎಂದು ವಿಚಾರಿಸದೆ, ಇಬ್ಬರ ಹೊಣೆಯನ್ನೂ ಒಬ್ಬರ ಹೆಗಲಿಗೆ ಹಾಕಿ ನಿಶ್ಚಿಂತೆಯಿಂದ ಕುಳಿತೆವು.

ಡೂಲಾ ಎಂಬುದು ಗ್ರೀಕ್ ಮೂಲದ ಮಾತು. ಸೇವೆ ಮಾಡುವ ಹೆಂಗಸು ಎಂದು ಅದರ ಅರ್ಥ. ಬಾಣಂತಿಗೆ ಒತ್ತಾಸೆಯಾಗಿ ನಿಲ್ಲುವ ಹೆಂಗಸನ್ನು ಕರೆಯಲು ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಫೇಲ್ 1970ರ ದಶಕದಲ್ಲಿ ಅದನ್ನು ಬಳಕೆಗೆ ತಂದರು. ಬೇನೆ ತಿನ್ನುವಾಗ ಪಕ್ಕದಲ್ಲಿರುವುದು, ಸೊಂಟ ಒತ್ತುವುದು, ಉಸಿರಾಟಕ್ಕೆ ಲಯ ಹಿಡಿದುಕೊಡುವುದು, ಧೈರ್ಯ ಹೇಳುವುದು, ಗಾಬರಿಯಾದ ಗಂಡನಿಗೂ ಒಂದು ಕೆಲಸ ಹಚ್ಚುವುದು, ಇಷ್ಟು ಅವರ ಕೆಲಸ. ಪರೀಕ್ಷೆ, ಔಷಧ, ನಿರ್ಣಯ ಇವು ಅವರಿಗೆ ಸೇರಿದ್ದಲ್ಲ. ಮಿಡ್‌ವೈಫ್ ಹಾಗಲ್ಲ, ತಾಯಿ ಮತ್ತು ಮಗುವಿನ ಆರೋಗ್ಯದ ಹೊಣೆ ಹೊತ್ತು, ಏನಾದರೂ ಹಳಿ ತಪ್ಪಿದರೆ ಗುರುತಿಸಿ, ಮೊದಲ ಚಿಕಿತ್ಸೆ ಕೊಟ್ಟು, ಮುಂದಕ್ಕೆ ಸಾಗಿಸುವ ತರಬೇತಿ ಪಡೆದವರು. ಅಂತಾರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟವು ಈ ಶಿಕ್ಷಣಕ್ಕೆ ಕನಿಷ್ಠ 3 ವರ್ಷ, ಈಗಾಗಲೇ ನರ್ಸಿಂಗ್ ಓದಿದವರಿಗೆ ಕನಿಷ್ಠ 18 ತಿಂಗಳು ಎಂದು ನಿಗದಿಪಡಿಸಿದೆ. ಡೂಲಾ ತರಬೇತಿ ಕೆಲವೇ ದಿನಗಳಲ್ಲಿ ಮುಗಿಯುವುದುಂಟು. ಕೆಲಸವೇ ಬೇರೆಯಾದ್ದರಿಂದ ಅದರಲ್ಲಿ ತಪ್ಪೇನಿಲ್ಲ. ಆದರೆ ಸೂಲಗಿತ್ತಿ ಎಂಬ ಒಂದೇ ಪದ ಕೇಳಿ ಬೆಳೆದ ನಮ್ಮಂಥವರ ಕಿವಿಗೆ ಈ ಎರಡು ಹೊಸ ಹೆಸರುಗಳು ಒಂದೇ ಕೆಲಸದ ಎರಡು ಹೆಸರುಗಳಂತೆ ಕೇಳಿಸುತ್ತವೆ.

ನಾವು ಗೊತ್ತುಮಾಡಿಕೊಂಡಿದ್ದ ಮಹಿಳೆ ತಮ್ಮನ್ನು ಡೂಲಾ ಎಂದೂ ಕರೆದುಕೊಳ್ಳುತ್ತಿರಲಿಲ್ಲ, ಮಿಡ್‌ವೈಫ್ ಎಂದೂ ಕರೆದುಕೊಳ್ಳುತ್ತಿರಲಿಲ್ಲ. ಜನನ ತಜ್ಞೆ ಎಂಬುದು ಅವರು ಆರಿಸಿಕೊಂಡಿದ್ದ ಬಿರುದು. ಮೆಲುಮಾತಿನವರು, ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವವರು. ಐದು ನಿಮಿಷದಲ್ಲಿ ತಪಾಸಣೆ ಮುಗಿಸುವ ವೈದ್ಯರನ್ನು ಕಂಡು ಬೇಸತ್ತಿದ್ದ ನನಗೆ ಅಷ್ಟೇ ಸಾಕಾಯಿತು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು ಒಂದು ಸಂಶೋಧನೆಯನ್ನೂ ಅವರು ತೋರಿಸಿದ್ದರು. ಅದು ಸುಳ್ಳಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯು 26 ಪ್ರಯೋಗಗಳನ್ನು, 15,000ಕ್ಕೂ ಹೆಚ್ಚು ಹೆಂಗಸರ ಅನುಭವವನ್ನು ಒಟ್ಟುಗೂಡಿಸಿ ಅದನ್ನೇ ಹೇಳಿದೆ. ಆದರೆ ಅಲ್ಲಿನ ಪ್ರಯೋಗಗಳು ಆಸ್ಪತ್ರೆಯಲ್ಲಿ ಹೆರುವವರ ಕುರಿತಾದವು. ಜೊತೆಗಾತಿ ಕೈ ಹಿಡಿದು ಕೂತಿರುವಾಗ ಎದೆಬಡಿತ ಕೇಳುವವರು ಅದೇ ಕಟ್ಟಡದಲ್ಲಿ ಬೇರೆ ಇದ್ದರು ಎಂಬುದು ನನ್ನ ತಲೆಗೆ ಹೊಳೆದದ್ದು ಬಹಳ ತಡವಾಗಿ.

ಮಿಡ್‌ವೈಫ್ ಯಾರು ಎಂದು ನನ್ನ ಗಂಡ ಒಮ್ಮೆ ಕೇಳಿದ್ದರು. ತಮ್ಮ ಜೊತೆ ಕೆಲಸ ಮಾಡುವವರೊಬ್ಬರಿದ್ದಾರೆ, ಬೇನೆ ಬಲಿತಾಗ ಬರುತ್ತಾರೆ ಎಂಬ ಉತ್ತರ ಬಂತು. ಅವರ ಮುಖವನ್ನು ನಾವು ನೋಡಲಿಲ್ಲ, ನೋಂದಣಿಯ ವಿವರ ಕೇಳಲಿಲ್ಲ. ಮನೆಗೊಂದು ಪಂಪು ಕೊಳ್ಳುವಾಗ ಗ್ಯಾರಂಟಿ ಕಾರ್ಡನ್ನು ಎರಡೆರಡು ಸಲ ಓದುವ ನಾವು ಇದನ್ನು ಹೇಗೆ ಬಿಟ್ಟೆವೋ ತಿಳಿಯದು.

ಒಂದು ರಾತ್ರಿ 11ರ ಸುಮಾರಿಗೆ ನೀರು ಒಡೆಯಿತು. ಮರುದಿನ ಮಧ್ಯಾಹ್ನದವರೆಗೂ ನೋವು ಬಿಟ್ಟು ಬಿಟ್ಟು ಬರುತ್ತಿತ್ತು. ಎರಡು ಗಂಟೆಗೆ ಜನನ ತಜ್ಞೆ ಬಂದರು. ಪರದೆ ಎಳೆದರು, ದೀಪ ಮಂಕಾಗಿಸಿದರು, ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟರು. ಆ ಹೊತ್ತಿಗೆ ಅದೆಲ್ಲ ಎಷ್ಟು ಹಿತವಾಗಿತ್ತೆಂಬುದನ್ನು ನಾನು ಮುಚ್ಚಿಡಲಾರೆ. ಅವರ ಚೀಲದಲ್ಲಿ ಅಂಗೈಯಗಲದ ಒಂದು ಡಾಪ್ಲರ್, ಅಂದರೆ ಹೊಟ್ಟೆಯ ಮಗುವಿನ ಎದೆಬಡಿತ ಕೇಳಿಸಿ ಎಣಿಸುವ ಯಂತ್ರ, ಇತ್ತು. ಗಂಟೆಗೊಮ್ಮೆ ಅದನ್ನು ನನ್ನ ಹೊಟ್ಟೆಗೆ ಒತ್ತಿ, ಪುಟ್ಟ ಪರದೆಯಲ್ಲಿ ಮೂಡುವ ಅಂಕಿಯನ್ನು ನನಗೂ ತೋರಿಸಿ, "ನೋಡಿ ಅಮ್ಮಾ, 118. ಮಗು ಎಷ್ಟು ಸಮಾಧಾನವಾಗಿದೆ" ಎನ್ನುತ್ತಿದ್ದರು. ಒಮ್ಮೆ 118, ಇನ್ನೊಮ್ಮೆ 121, ಮತ್ತೊಮ್ಮೆ 116. ಹೊಟ್ಟೆಯ ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರವರೆಗೆ ಇರಬೇಕೆಂದು ನಾವೂ ಓದಿಕೊಂಡಿದ್ದೆವು. ಅಂಕಿ ಸರಿಯಾಗಿತ್ತು. ಅಂಕಿಯನ್ನು ನೋಡಿ ನೋಡಿ ನನ್ನ ಗಂಡನ ಮುಖ ಗೆಲುವಾಗುತ್ತಿತ್ತು.

ರಾತ್ರಿ ಒಂಬತ್ತಕ್ಕೆ ನೋವು ತಡೆಯಲಾಗದಷ್ಟು ಏರಿದಾಗ ಮಿಡ್‌ವೈಫ್‌ಗೆ ಫೋನ್ ಮಾಡಿದರು. ಅವರು ಇನ್ನೊಂದು ಹೆರಿಗೆಯಲ್ಲಿ ಸಿಕ್ಕಿಕೊಂಡಿದ್ದರು. "ಇರಲಿ, ನಾನೇ ಎಷ್ಟೋ ಹೆರಿಗೆ ನೋಡಿದ್ದೇನೆ" ಎಂದರು ನಮ್ಮ ಜನನ ತಜ್ಞೆ. ನನ್ನ ಮೈ ಬಿಸಿಯಾಗಿತ್ತು, ಹಲ್ಲು ಕಟಕಟಿಸುತ್ತಿತ್ತು. ಬೇನೆಯಲ್ಲಿ ಹೀಗಾಗುವುದುಂಟು ಎಂದು ಹೊದಿಕೆ ಹೊದಿಸಿದರು. ಥರ್ಮಾಮೀಟರ್ ನಮ್ಮ ಕಪಾಟಿನಲ್ಲೇ ಇತ್ತು, ಅದನ್ನು ಯಾರೂ ತೆಗೆಯಲಿಲ್ಲ. ನೀರೊಡೆದು ಹೊತ್ತು ಕಳೆದಷ್ಟೂ ಸೋಂಕಿನ ಭಯ ಏರುತ್ತದೆ, ಆದ್ದರಿಂದ ನಾಲ್ಕು ಗಂಟೆಗೊಮ್ಮೆಯಾದರೂ ಜ್ವರ ನೋಡಬೇಕು ಎಂಬ ಸಾಮಾನ್ಯ ಸಂಗತಿ ಆಗ ನಮಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ ಇಂದಿಗೂ ನಾನು ಹೇಳಲಾರೆ. ಹನ್ನೆರಡರ ಹೊತ್ತಿಗೆ ಕೆಳಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಹಸಿರು ಬಣ್ಣದ ಕಲೆ ಕಾಣಿಸಿತು. ಮಗು ಒಳಗೇ ಮಲ ವಿಸರ್ಜಿಸಿದಾಗ ನೀರು ಹೀಗೆ ಹಸಿರಾಗುತ್ತದೆ. ಆಸ್ಪತ್ರೆಗೆ ಹೋಗೋಣವೇ ಎಂದು ನನ್ನ ಗಂಡ ಎರಡನೆಯ ಸಲ ಕೇಳಿದರು. "ಭಯಪಟ್ಟರೆ ಬೇನೆ ನಿಂತುಹೋಗುತ್ತದೆ. ಭಯದ ಮಾತು ಆಡುವವರು ದಯವಿಟ್ಟು ಕೋಣೆಯಿಂದ ಹೊರಗಿರಿ" ಎಂದು ಅವರು ಅದೇ ಮೆಲುದನಿಯಲ್ಲಿ ಹೇಳಿದರು. ನನ್ನ ಗಂಡ ನಿಜಕ್ಕೂ ಹೊರಗೆ ಹೋಗಿ ನಿಂತರು.

ಒಳಗೆ ಬಂದವಳು ನನ್ನ ಅಕ್ಕ. ಅವಳಿಗೆ ವೈದ್ಯಕೀಯದ ಗಂಧವಿಲ್ಲ. ನನ್ನ ಹಣೆ ಮುಟ್ಟಿದಳು, ಬಟ್ಟೆ ಎತ್ತಿ ಮೂಸಿ ನೋಡಿದಳು. "ಎದ್ದೇಳು, ಹೊರಡೋಣ" ಎಂದಳು. ಅವರ ಜೊತೆ ವಾದಕ್ಕೂ ನಿಲ್ಲಲಿಲ್ಲ.

ಕಾರಿನ ಬಾಗಿಲು ಹಾಕುವ ಮೊದಲು ಆ ಮಹಿಳೆ ಬಗ್ಗಿ ನನ್ನ ಗಂಡನಿಗೆ ಒಂದು ಮಾತು ಹೇಳಿದರು: "ಅಲ್ಲಿ ಡಾಪ್ಲರ್ ವಿಷಯ ಹೇಳಬೇಡಿ ಸರ್, ಸುಮ್ಮನೆ ಗೊಂದಲವಾಗುತ್ತದೆ." ಅವರು ನಮ್ಮ ಜೊತೆ ಬರಲಿಲ್ಲ. ನೀರೊಡೆದದ್ದು ಎಷ್ಟು ಗಂಟೆಗೆ, ನೋವು ಬಲಿತದ್ದು ಯಾವಾಗ, ಬಣ್ಣ ಬದಲಾದದ್ದು ಯಾವಾಗ ಎಂದು ಬರೆದ ಒಂದು ಚೀಟಿಯೂ ನಮ್ಮ ಕೈಯಲ್ಲಿರಲಿಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೆನಪಿನಿಂದ ಒಪ್ಪಿಸಿದವಳು ಮತ್ತೆ ಅಕ್ಕನೇ.

ಅಲ್ಲಿನ ನರ್ಸ್ ನನ್ನ ಹೊಟ್ಟೆಯ ಮೇಲೆ ಡಾಪ್ಲರ್ ಇಡುವ ಮೊದಲು ಎಡಗೈಯ ಮೂರು ಬೆರಳುಗಳನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟರು. ಮೊದಲು ಗಾಳಿ ಬೀಸಿದಂಥ ಶೂ ಶೂ ಸದ್ದು ಬಂತು, ಪರದೆಯಲ್ಲಿ 122. ನನಗೆ ಆ ಸದ್ದು ಪರಿಚಿತ. ಮಧ್ಯಾಹ್ನದಿಂದ ಕೇಳುತ್ತಿದ್ದುದು ಅದನ್ನೇ. ನರ್ಸ್ ತಲೆಯಾಡಿಸಿ, "ಇದು ನಿಮ್ಮದು" ಎಂದು ಯಂತ್ರವನ್ನು ನಿಧಾನವಾಗಿ ಕೆಳಕ್ಕೆ, ಪಕ್ಕಕ್ಕೆ ಸರಿಸಿದರು. ಆಗ ಕುದುರೆ ಓಡಿದಂತೆ ಟಕಟಕ ಎಂಬ ಬೇರೆಯೇ ಸದ್ದು ಕೇಳಿಸಿತು. ಅಂಕಿ 178. ನನಗೆ 38.6 ಡಿಗ್ರಿ ಸೆಲ್ಸಿಯಸ್ ಜ್ವರವಿತ್ತು. ಬೇನೆ ಮತ್ತು ಜ್ವರದಲ್ಲಿ ತಾಯಿಯ ನಾಡಿಯೂ 110, 120 ದಾಟುತ್ತದೆ, ಡಾಪ್ಲರ್ ಸಿಕ್ಕಿದ ರಕ್ತನಾಳದ ಬಡಿತವನ್ನೇ ಎಣಿಸಿ ತೋರಿಸುತ್ತದೆ, ಅದು ಯಾರದ್ದೆಂದು ಯಂತ್ರಕ್ಕೆ ತಿಳಿಯದು. ಮಣಿಕಟ್ಟಿನ ನಾಡಿಯೊಂದಿಗೆ ಹೋಲಿಸಿ ನೋಡಬೇಕೆಂಬ ನಿಯಮ ಹುಟ್ಟಿದ್ದೇ ಇದಕ್ಕಾಗಿ. ಬೇನೆ ಬಲಿತ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮಗುವನ್ನು ಹೊರಕ್ಕೆ ತಳ್ಳುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ, ಒಂದು ನೋವು ಇಳಿದ ಕೂಡಲೇ ಪೂರ್ತಿ ಒಂದು ನಿಮಿಷ ಕೇಳಬೇಕೆಂಬುದನ್ನು ನಾನು ಕಲಿತದ್ದು ಆಮೇಲೆ. ನಮ್ಮ ಮನೆಯಲ್ಲಿ ಗಂಟೆಗೊಮ್ಮೆ, ಹತ್ತು ಸೆಕೆಂಡು ಕೇಳಲಾಗುತ್ತಿತ್ತು. ಅದೂ ನನ್ನದೇ ನಾಡಿಯನ್ನು.

ಸಿಸೇರಿಯನ್ ಆಯಿತು. ಮಗು ಹುಟ್ಟಿದಾಗ ಅಳಲಿಲ್ಲ. ಚೀಲ ಮತ್ತು ಮಾಸ್ಕ್ ಹಿಡಿದು ಉಸಿರು ತುಂಬಬೇಕಾಯಿತು. ಹುಟ್ಟಿದ ಮಗುವಿನ ಸ್ಥಿತಿಗೆ ಹತ್ತಕ್ಕೆ ಕೊಡುವ ಆಪ್ಗರ್ ಅಂಕ ಒಂದನೆಯ ನಿಮಿಷದಲ್ಲಿ 4, ಐದನೆಯ ನಿಮಿಷದಲ್ಲಿ 8. ಏಳು ದಿನ ಮಗು ಎನ್‌ಐಸಿಯುವಿನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಆಂಟಿಬಯೋಟಿಕ್ ಮೇಲಿತ್ತು. ನಾನು ಗಾಜಿನಾಚೆ ನಿಂತು ಅದರ ಕಾಲಿನ ಸೂಜಿಯನ್ನು ನೋಡುತ್ತಿದ್ದೆ.

ಚೇತರಿಸಿಕೊಂಡ ಮೇಲೆ ಒಪ್ಪಂದದ ಕಾಗದ ತೆಗೆದು ಓದಿದೆವು. ನಾಲ್ಕನೆಯ ಪುಟದಲ್ಲಿ, ಯಾವುದೇ ಬಗೆಯ ವೈದ್ಯಕೀಯ ಆರೈಕೆಯನ್ನು ತಾವು ನೀಡುವುದಿಲ್ಲ ಎಂಬ ಒಂದು ಸಾಲಿತ್ತು. ಕಾಗದದ ಮಟ್ಟಿಗೆ ಅವರು ಡೂಲಾ. ಆಡುವ ಮಾತಿನಲ್ಲಿ, ಕೈಯಲ್ಲಿ ಹಿಡಿದ ಯಂತ್ರದಲ್ಲಿ, ಹೋಗಬೇಕೇ ಬೇಡವೇ ಎಂದು ತೀರ್ಮಾನಿಸುವ ಗತ್ತಿನಲ್ಲಿ ಮಿಡ್‌ವೈಫ್. ನನ್ನ ದೂರು ಇರುವುದು ಈ ಇಬ್ಬಂದಿತನದ ಮೇಲೆ. ತನ್ನ ಎಲ್ಲೆ ಅರಿತ ಡೂಲಾ ಆ ಡಾಪ್ಲರನ್ನು ಮುಟ್ಟುವುದೇ ಇಲ್ಲ. ಮಿಡ್‌ವೈಫ್ ಬರಲಾಗುವುದಿಲ್ಲ ಎಂದು ತಿಳಿದ ಗಳಿಗೆಯಲ್ಲೇ, ಇನ್ನು ಇಲ್ಲಿ ಇರುವುದು ಬೇಡ ಎಂದು ಅವರೇ ಹೇಳುತ್ತಾರೆ.

ಸಾಗಿಸುವುದೆಂದರೆ ಸೋಲು ಎಂಬ ಭಾವನೆಯನ್ನೂ ನಮ್ಮ ಮನಸ್ಸಿನಲ್ಲಿ ತಿಂಗಳುಗಟ್ಟಲೆ ಬೆಳೆಸಲಾಗಿತ್ತು. ಇಂಗ್ಲೆಂಡಿನಲ್ಲಿ ಅಪಾಯದ ಲಕ್ಷಣಗಳಿಲ್ಲದ ಸುಮಾರು 65,000 ಹೆರಿಗೆಗಳನ್ನು ನೋಡಿ 2011ರಲ್ಲಿ ಪ್ರಕಟವಾದ ಬರ್ತ್‌ಪ್ಲೇಸ್ ಅಧ್ಯಯನದಲ್ಲಿ, ಮನೆಯಲ್ಲೇ ಹೆರಬೇಕೆಂದು ಯೋಜಿಸಿದ್ದ ಚೊಚ್ಚಲ ತಾಯಂದಿರಲ್ಲಿ 45 ಶೇಕಡಾ ಮಂದಿಯನ್ನು ಹೆರಿಗೆಗೆ ಮೊದಲೋ ಆದ ಕೂಡಲೋ ಆಸ್ಪತ್ರೆಗೆ ಸಾಗಿಸಲಾಯಿತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಮಗುವಿಗೆ ಗಂಭೀರ ತೊಂದರೆಯಾದದ್ದು, ಚೊಚ್ಚಲ ಹೆರಿಗೆಗಳಲ್ಲಿ, ಮನೆಯ ಯೋಜನೆಯಿದ್ದವರಲ್ಲಿ ಸಾವಿರಕ್ಕೆ 9.3, ಆಸ್ಪತ್ರೆಯ ಪ್ರಸೂತಿ ವಿಭಾಗದಲ್ಲಿ 5.3, ಎರಡನೆಯ ಅಥವಾ ಆನಂತರದ ಹೆರಿಗೆಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಇದು ತರಬೇತಾದ ಮಿಡ್‌ವೈಫ್‌ಗಳು ಮನೆಗೆ ಬಂದು, ಆಸ್ಪತ್ರೆಯ ವ್ಯವಸ್ಥೆಯ ಬೆಂಬಲದೊಂದಿಗೆ ನಡೆಸಿದ ಹೆರಿಗೆಗಳ ಲೆಕ್ಕ. ಮಿಡ್‌ವೈಫ್ ಇಲ್ಲದ ಕೋಣೆಗೆ ಈ ಲೆಕ್ಕ ಅನ್ವಯಿಸದು. ಮನೆ ಹೆರಿಗೆಯ ಪರ ಮಾತನಾಡುವವರು ಒಳ್ಳೆಯ ಅಂಕಿಗಳನ್ನು ಉದ್ಧರಿಸುವಾಗ, ಆ ಕೋಣೆಯಲ್ಲಿ ಯಾರಿದ್ದರು ಎಂದು ಒಮ್ಮೆ ಕೇಳಿ.

ಎರಡನೆಯ ಬಸಿರಿನಲ್ಲಿ ನಾನು ಒಬ್ಬ ನೋಂದಾಯಿತ ಮಿಡ್‌ವೈಫ್‌ರನ್ನು ಭೇಟಿಯಾದೆ. ಹಿಂದಿನ ಕಥೆ ಕೇಳಿದ ಅವರು ಮೊದಲಿಗೇ, ಸಿಸೇರಿಯನ್ ಆಗಿರುವುದರಿಂದ ಗರ್ಭಕೋಶದ ಹಳೆಯ ಗಾಯ ಬಿರಿಯುವ ಅಪಾಯವಿದೆ, ಈ ಹೆರಿಗೆ ಮನೆಯಲ್ಲಿ ಬೇಡ, ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದರು. ತಮ್ಮ ಕೆಲಸವನ್ನೇ ತಾವು ಕಡಿಮೆ ಮಾಡಿಕೊಂಡ ಆ ಮಾತಿನಿಂದ ನನಗೆ ಅವರ ಮೇಲೆ ನಂಬಿಕೆ ಬಂತು. ಆದರೂ ನಾನು ಕೇಳಬೇಕಾದುದನ್ನೆಲ್ಲ ಕೇಳಿದೆ. ನೀವು ಬರಲಾಗದಿದ್ದರೆ ಯಾರು ಬರುತ್ತಾರೆ, ಅವರನ್ನು ಈಗಲೇ ನೋಡಬಹುದೇ? ಮನೆ ಹೆರಿಗೆಗಳಲ್ಲಿ ತಾಯಿಗೊಬ್ಬರು, ಮಗುವಿಗೊಬ್ಬರು ಎಂದು ಇಬ್ಬರಿರುತ್ತೀರೋ? ಮಗು ಹುಟ್ಟಿದ ಕೂಡಲೇ ತಾಯಿಗೆ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಎಲ್ಲಿ ಇಟ್ಟಿರುತ್ತೀರಿ? ಮಾಸು ಬೀಳದಿದ್ದರೆ ಎಷ್ಟು ಹೊತ್ತು ಕಾಯುತ್ತೀರಿ? ಹೊರಡಬೇಕೆಂದು ಹೇಳುವವರು ಯಾರು, ಆ ಮಾತಿಗೆ ಎದುರಾಡುವ ಹಕ್ಕು ಯಾರಿಗಿದೆ?

ಅವರು ಬೇಸರಿಸದೆ ಚೀಲ ಬಿಚ್ಚಿ ಒಂದೊಂದನ್ನೇ ಹೊರಗಿಟ್ಟರು. ಮಗುವಿನ ಮುಖದಷ್ಟೇ ಪುಟ್ಟ ಮಾಸ್ಕ್, ಉಸಿರು ತುಂಬುವ ಚೀಲ, ತಂಪಿನ ಡಬ್ಬಿಯೊಳಗೆ ಮುಗಿಯುವ ದಿನಾಂಕ ಕಾಣುವಂತೆ ಇಟ್ಟ ಆಕ್ಸಿಟೋಸಿನ್ ಆಂಪೂಲ್‌ಗಳು, ಥರ್ಮಾಮೀಟರ್, ಗಂಟೆ ನಿಮಿಷ ಬರೆಯಲು ಚೌಕ ಎಳೆದ ಖಾಲಿ ಹಾಳೆ. ಕೊನೆಗೆ ನನ್ನನ್ನು ಮಲಗಿಸಿ ಡಾಪ್ಲರ್ ಕೈಗೆತ್ತಿಕೊಂಡರು. ಅದನ್ನು ಹೊಟ್ಟೆಗೆ ತಾಗಿಸುವ ಮೊದಲು, ನಾನು ಹೇಳುವುದಕ್ಕೆ ಮುಂಚೆಯೇ, ಅವರ ಮೂರು ಬೆರಳು ನನ್ನ ಮಣಿಕಟ್ಟನ್ನು ಹುಡುಕಿಕೊಂಡು ಬಂದವು.